ಗುಡಿ ಮುಂದಿನ ಗಟಾರ

ಹೊಳಿಯವ್ವ ನಮ್ಮ ಹಿತ್ತಲಲ್ಲಿ ಎರಡು ದಿನ ಅಗೆದಳು. ಮೂರನೆಯ ದಿನ, ಅಗೆದದ್ದನ್ನೆಲ್ಲ ತಾನೇ ಮುಚ್ಚಿದಳು. ಅವಳಿಗೆ ಸೊಕ್ಕು ಬಂದಿದೆ ಎಂದು ಓಣಿಯವರು ಹೇಳುತ್ತಾರೆ. ವೆಂಕೂಬಾಯಿಗೆ ಅರಳುಮರಳು ಎಂದೂ ಹೇಳುತ್ತಾರೆ. ವೆಂಕೂಬಾಯಿ ಎಂದರೆ ನಾನು. ಹಿತ್ತಲಲ್ಲಿ ಆಗ ಇದ್ದವರು ನಾವಿಬ್ಬರೇ. ಆದದ್ದನ್ನು ಬರೆಯದೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಬ್ಯಾಡಗಿ ಬಿಟ್ಟು ರಾಣೆಬೆನ್ನೂರಿನ ಕಡೆ ಹೊರಟರೆ ನಮ್ಮೂರು ರಸ್ತೆಯಿಂದ ಒಂದು ಮೈಲಿ ಒಳಗೆ. ನಮ್ಮ ಓಣಿಯದು ಎರೆ ನೆಲ, ಕಪ್ಪು ಮಣ್ಣು. ಎರೆ ನೀರು ಕುಡಿಯುವುದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಮನೆಯೂ ಅದರ ಜೊತೆಗೆ ಏಳುತ್ತದೆ, ಇಳಿಯುತ್ತದೆ. ಹೋದ ವರ್ಷ ಹಿತ್ತಲಲ್ಲಿ ನೀರು ನಿಂತು ನಮ್ಮ ಅಡುಗೆಮನೆಯ ಗೋಡೆ ಸೀಳಿತು. ಸೀಳಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು.

ಮಗ ಬಾಳಕೃಷ್ಣ ವಕೀಲ. ದಿನಾ ಹಾವೇರಿ ಕೋರ್ಟಿಗೆ ಹೋಗಿ ಬರುತ್ತಾನೆ. ಮೇ ತಿಂಗಳ ಒಂದು ರವಿವಾರ ಟೇಪು ಹಿಡಿದು ಹಿತ್ತಲೆಲ್ಲ ಅಳೆದ. ಹಾಳೆಯ ಮೇಲೆ ಗೀಟು ಎಳೆದ. ಗೋಡೆಯಿಂದ ನಾಲ್ಕು ಫೂಟು ದೂರದಲ್ಲಿ ಉದ್ದಕ್ಕೂ ಒಂದು ಕಾಲುವೆ. ತಳಕ್ಕೆ ಜಲ್ಲಿ ಖಡಿ, ಮೇಲೆ ಚಪ್ಪಡಿಯಂಥ ಪರ್ಸಿ ಕಲ್ಲು. ಗೋಡೆಯ ಬುಡದಿಂದ ಕಾಲುವೆಯ ತನಕ ನೆಲ ಇಳಿಜಾರು. ನೀರು ಮನೆಯ ಹತ್ತಿರ ನಿಲ್ಲದೆ ಓಡಿಹೋಗಬೇಕು. ಎಲ್ಲಿಗೆ ಓಡಿಹೋಗಬೇಕು ಎಂಬುದಕ್ಕೆ ಕಾಲುವೆಯ ಕೊನೆಗೆ ಒಂದು ಬಾಣದ ಗುರುತು ಇತ್ತು. ಬಾಣದ ಮುಂದೆ ಏನೂ ಬರೆದಿರಲಿಲ್ಲ.

ಬಾಣದ ಮುಂದೆ ಕೇರಿ ಇತ್ತು. ನಮ್ಮ ಹಿತ್ತಲ ಗೋಡೆಯ ಆಚೆ ನಾಲ್ಕು ಹೆಜ್ಜೆಯ ಇಕ್ಕಟ್ಟಿನ ದಾರಿ, ದಾರಿಯ ಆಚೆ ಹೊಳಿಯವ್ವನ ಮನೆ.

ಅಗೆಯುವ ಕೆಲಸಕ್ಕೆ ನಮ್ಮ ಓಣಿಯವರು ಕೇರಿಯವರನ್ನೇ ಕರೆಯುವುದು. ಮೊದಲೆಲ್ಲ ಹೊಳಿಯವ್ವನ ಗಂಡ ಹೇಮಪ್ಪ ಬರುತ್ತಿದ್ದ. ಹೋದ ಶ್ರಾವಣದಲ್ಲಿ ಕೇರಿಯಲ್ಲಿ ಮೂರು ದಿನ ನೀರು ನಿಂತು ಅವರ ಮನೆಯ ಗೋಡೆ ನೆನೆದು ಕುಸಿಯಿತು. ಹೇಮಪ್ಪ ಹೊರಸಿನ ಮೇಲೆ ಮಲಗಿದ್ದ. ಗೋಡೆ ಅವನ ಕಾಲ ಮೇಲೆ ಬಿತ್ತು. ಕಾಲಿಗೆ ರಾಡು ಹಾಕಿದರು, ಕಾಲು ಸೊಟ್ಟಾಗಿಯೇ ಕೂಡಿತು. ಈಗ ಅವನು ಕೋಲು ಹಿಡಿದು ಬಾಗಿಲ ತನಕ ಬರುತ್ತಾನೆ, ಅಷ್ಟೇ. ಗೋಡೆಯನ್ನು ಹೊಳಿಯವ್ವ ಮತ್ತು ಸೊಸೆ ಪ್ರಿಯಾಂಕಾ ಸುಡದ ಹಸಿ ಇಟ್ಟಂಗಿಯಲ್ಲಿ ಎದೆಮಟ್ಟ ಕಟ್ಟಿ, ಮೇಲೆ ತಗಡು ನಿಲ್ಲಿಸಿದ್ದಾರೆ. ಬುಡಕ್ಕೆ ಇನ್ನೊಂದು ಸಲ ನೀರು ನಿಂತರೆ ಅದೂ ಬೀಳುತ್ತದೆ. ಹೇಮಪ್ಪನಿಗೆ ಎದ್ದು ಓಡಲು ಆಗುವುದಿಲ್ಲ. ಅವರಿಗೆ ಬೇರೆ ಮನೆ ಇಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಣದ ಗುರುತನ್ನು ನೋಡಿ ಸುಮ್ಮನಿದ್ದೆ. ಗೋಡೆ ಬಿದ್ದಾಗ ನಾನು ಹೇಮಪ್ಪನಿಗೆ ಒಂದು ತಿಂಗಳು ಹಾಲು ಕಳಿಸಿದ್ದೆ. ಅದು ನನ್ನ ನೆನಪಿನಲ್ಲಿ ದೊಡ್ಡದಾಗಿ ಕೂತಿತ್ತು.

ಮೊದಲ ದಿನ ಹೊಳಿಯವ್ವ ಏಳು ಗಂಟೆಗೆ ಬಂದಳು. ಐವತ್ತೆಂಟು ವರ್ಷದವಳು, ಹುಟ್ಟಿದ್ದೂ ಮದುವೆಯಾದದ್ದೂ ಇದೇ ಕೇರಿಯಲ್ಲಿ. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಚ್ಚೆ ಕಟ್ಟಿದಳು. ಹಾರೆ ಎತ್ತಿ ಹಾಕಿದಳು. ಮೇಲಿನ ನೆಲ ಕೆಂಪು ಗರಸು, ಹರಳು ಕೂಡಿದ ಗಟ್ಟಿ ಮಣ್ಣು; ಹಾರೆ ಟಣ್ ಎಂದು ಹಿಂದಕ್ಕೆ ಬಂತು. ಮತ್ತೆ ಹಾಕಿದಳು. ಒಂದೊಂದು ಏಟಿಗೂ ಹಿಡಿಯಷ್ಟು ಗರಸು ಏಳುತ್ತಿತ್ತು. ಒಂದು ಗೇಣು, ಎರಡು ಗೇಣು ಇಳಿದ ಮೇಲೆ ಕರಿ ಎರೆ ಸಿಕ್ಕಿತು. ಅದು ಒಣಗಿ ಕಲ್ಲಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಅಂಗೈಯ ಚರ್ಮ ಎದ್ದಿತ್ತು. ಹಳೆ ಸೀರೆಯ ಅಂಚು ಹರಿದು ಸುತ್ತಿಕೊಂಡಳು. ಗೋಡೆಯ ಪಕ್ಕದ ನನ್ನ ಮಲ್ಲಿಗೆ ಬಳ್ಳಿ ಕಾಲುವೆಯ ದಾರಿಯಲ್ಲಿತ್ತು. ನಾನು ಹೇಳುವ ಮೊದಲೇ ಬೇರಿನ ಸುತ್ತ ಮಣ್ಣು ಹಿಡಿದು, ಬಳ್ಳಿಯನ್ನು ಕೂಸಿನಂತೆ ಎತ್ತಿ ಆಚೆ ನೆಟ್ಟಳು. ತಾನು ಕುಡಿಯಲು ತಂದಿದ್ದ ನೀರನ್ನೇ ಅದಕ್ಕೆ ಹಾಕಿದಳು.

ನಾನು ಚಹಾ ಕೊಟ್ಟೆ. ಅವಳ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಇರುತ್ತದೆ. ಮೊದಲು ಅದೇ ಲೋಟದಲ್ಲಿ ಅವಳ ಅತ್ತೆ ಕುಡಿಯುತ್ತಿದ್ದಳು. ನಾನು ಮೇಲಿನಿಂದ ಸುರಿಯುತ್ತೇನೆ, ಅವಳು ಕುಡಿದು ತೊಳೆದು ಬೋರಲು ಹಾಕುತ್ತಾಳೆ. ನಾನು ಧಾರವಾಡದಲ್ಲಿ ಬಿ.ಎ. ಓದಿದವಳು. ಲೋಟದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಚಹಾದಲ್ಲಿ ಶುಂಠಿ ಜಾಸ್ತಿ ಹಾಕುತ್ತಿದ್ದೆ. ಅವಳಿಗೆ ಬೆನ್ನುನೋವು, ಶುಂಠಿ ಒಳ್ಳೆಯದು ಎಂದು.

ಎರಡನೆಯ ದಿನ ಕಾಲುವೆ ಹಿತ್ತಲ ಗೋಡೆಯ ಹತ್ತಿರ ಬಂತು. ಬಾಳಕೃಷ್ಣ ಕೋರ್ಟಿನಿಂದ ಲಗೂ ಬಂದಿದ್ದ. ಕರಿ ಕೋಟು ಕೈಯಲ್ಲಿ ಹಿಡಿದು ಕಾಲುವೆಯ ಅಂಚಿಗೆ ನಿಂತ.

“ಚಲೋ ಆಗೇದ ಹೊಳಿಯವ್ವ. ನಾಳೆ ಗೋಡಿಗೆ ಒಂದು ತೂತ ಹಾಕು. ಆರು ಇಂಚಿನ ಪೈಪ ಹಿಡಿಯುವಷ್ಟು.”

ಅವಳು ಕಾಲುವೆಯೊಳಗೆ ಇದ್ದಳು. ತಲೆ ಎತ್ತಿ ನೋಡಿದಳು.

“ಗುಂಡಿ ತಗೀತೀರಿ ಅಂದಕೊಂಡಿದ್ದೆರಿ, ವಕೀಲಸಾಹೇಬ್ರ.”

“ಎರಿಯೊಳಗ ಗುಂಡಿ ತಗದ್ರ ನೀರ ಇಂಗ್ತದೇನು? ಬಾವಿ ಆಗ್ತದ.”

“ಹೌದರಿ, ಬಾವಿ ಆಕ್ಕೈತಿ.” ಹಾರೆ ಕೆಳಗಿಟ್ಟು ಕೇಳಿದಳು. “ಹಂಗಾರ ತೂತಿನಾಗ ಬಂದ ನೀರ ಎಲ್ಲಿಗೆ ಹೋಕ್ಕೈತ್ರಿ?”

“ಇಳುವಿದ್ದಲ್ಲಿಗೆ ಹೋಗ್ತದ. ಉಳಿದ ಹನ್ನೊಂದು ಮನಿ ನೀರ ಎಲ್ಲಿಗೆ ಹೋಗ್ತದೋ ಅಲ್ಲಿಗೆ.”

ಅದು ಖರೆ. ನಮ್ಮ ಸಾಲಿನ ಹನ್ನೊಂದು ಮನೆಗಳ ಹಿತ್ತಲ ಗೋಡೆಗೂ ತೂತುಗಳಿವೆ. ಬಚ್ಚಲ ನೀರು, ಮುಸುರೆ ನೀರು, ಮಳೆ ನೀರು ಎಲ್ಲ ಕೇರಿಗೇ ಹೋಗುತ್ತದೆ. ನಮ್ಮದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಹಾಗಾಗಿ ನಮ್ಮ ಗೋಡೆಗೆ ತೂತು ಇರಲಿಲ್ಲ. ಮನೆಯ ಮುಂದೆ, ಗುಡಿಯ ಮೆಟ್ಟಿಲ ಕೆಳಗೆ, ಕಲ್ಲಿನ ದೊಡ್ಡ ಗಟಾರ ಇದೆ. ಅದು ನೆಟ್ಟಗೆ ಹಳ್ಳಕ್ಕೆ ಹೋಗುತ್ತದೆ. ಅದಕ್ಕೆ ಯಾರೂ ಬಚ್ಚಲ ನೀರು ಬಿಡುವುದಿಲ್ಲ. ಗುಡಿಯ ಮುಂದೆ ಮೈಲಿಗೆ ನೀರು ಹರಿಯಬಾರದು ಎಂದು ಓಣಿಯ ಕಟ್ಟಳೆ. ಆದ್ದರಿಂದ ಎಲ್ಲರ ಬಚ್ಚಲೂ ಹಿಂದೆ, ಎಲ್ಲರ ತೂತೂ ಹಿಂದೆ. ಕೇರಿಯ ನೀರಿಗಂತೂ ಈ ಕಡೆ ದಾರಿಯೇ ಇಲ್ಲ. ಬಂದದ್ದು ಅಲ್ಲೇ ನಿಲ್ಲಬೇಕು. ‘ಕೇರಿ ತಗ್ಗಿನಾಗದ, ಏನ ಮಾಡೂದು’ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ನಾನೂ ಹೇಳಿದ್ದೇನೆ.

ಹೊಳಿಯವ್ವ ಕಾಲುವೆಯಿಂದ ಮೇಲೆ ಬಂದಳು. ಹಾರೆ, ಸಲಿಕೆ ತೊಳೆದು ಗೋಡೆಗೆ ಆನಿಸಿ ಹೋದಳು.

ಮೂರನೆಯ ದಿನ ಅವಳ ಹೆಗಲ ಮೇಲೆ ಪಾರದರ್ಶಕ ಪೈಪಿನ ಸುರುಳಿ ಇತ್ತು. ಮನೆ ಕಟ್ಟುವ ಗವಂಡಿಗಳು ಮಟ್ಟ ನೋಡಲು ಹಿಡಿಯುವ ಪೈಪು. ಅವಳ ಮಗ ದುರುಗೇಶ ರಾಣೆಬೆನ್ನೂರಿನಲ್ಲಿ ಗವಂಡಿ ಕೆಲಸ ಮಾಡುತ್ತಾನೆ, ಅವನದು.

“ಬಾಯಾರ, ಒಂದ ತುದಿ ಹಿಡೀರಿ. ತೂತ ಹಾಕೂದರ ಮುಂಚೆ ಮಟ್ಟಾ ನೋಡೂಣು.”

ಪೈಪಿನೊಳಗೆ ನೀರು ತುಂಬಿದಳು. ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ಹೊರಗೆ ಬಿಟ್ಟಳು. ಪೈಪು ಎಷ್ಟು ಸೊಟ್ಟ ಬಿದ್ದಿದ್ದರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ನೀರಿನ ಗೆರೆಯಿಂದ ನೆಲ ಎಷ್ಟು ಕೆಳಗಿದೆ ಎಂದು ಎರಡೂ ಕಡೆ ಅಳೆದರೆ ಯಾವ ನೆಲ ತಗ್ಗು ಎಂದು ತಿಳಿಯುತ್ತದೆ. ನಾನು ಹಿತ್ತಲಲ್ಲಿ ನಿಂತೆ. ಅವಳು ಒಂದು ಕೋಲಿನಿಂದ ನನ್ನ ಹತ್ತಿರ ಅಳೆದಳು.

“ನಿಮ್ಮ ಹಿತ್ತಲಾ ನಾಕ ಗೇಣ.”

ಇನ್ನೊಂದು ತುದಿಯ ಬಾಯಿಗೆ ಬೆರಳೊತ್ತಿ ಗೋಡೆಯ ಮೇಲಿಂದ ಆಚೆ ದಾಟಿಸಿದಳು. ಆಚೆ ಪ್ರಿಯಾಂಕಾ ಹಿಡಿದುಕೊಂಡಳು. ಅವಳ ದನಿ ಬಂತು. “ಆರ ಗೇಣ ಬರತೈತಿ, ಅತ್ತಿ.”

“ನಮ್ಮ ಕೇರಿ ಆರ. ಈಗ ಗುಡಿ ಮುಂದಿನ ಗಟಾರ ನೋಡೂಣ್ರಿ.”

ಗುಡಿ ನಮ್ಮ ಮನೆಯ ಮುಂದೆ. ಪೈಪು ಹಿತ್ತಲಿನಿಂದ ಅಲ್ಲಿಗೆ ಹೋಗಬೇಕಾದರೆ ಮನೆಯ ಒಳಗಿಂದ ಹೋಗಬೇಕು. ಪಕ್ಕದಲ್ಲಿ ಎರಡೂವರೆ ಫೂಟಿನ ಸಂದಿ ಇದೆ, ಅದರ ಕಬ್ಬಿಣದ ಬಾಗಿಲಿಗೆ ಯಾವ ಕಾಲದಿಂದಲೋ ಕೀಲಿ. ಪೈಪಿನ ತುದಿ ನಾನೇ ಹಿಡಿದು ಅಡುಗೆಮನೆ, ದೇವರಮನೆಯ ಮುಂದೆ, ಪಡಸಾಲೆ ದಾಟಿ ಎಳೆದುಕೊಂಡು ಹೋಗಿ ಮುಂಬಾಗಿಲ ಹೊರಗಿನ ಮೊಳೆಗೆ ಎತ್ತರಕ್ಕೆ ಸಿಕ್ಕಿಸಿದೆ. ಹೊಳಿಯವ್ವ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಕೇರಿ ಸುತ್ತಿ, ಓಣಿಯ ಕೊನೆ ಸುತ್ತಿ, ಹತ್ತು ನಿಮಿಷ ನಡೆದು ಮುಂಬಾಗಿಲಿಗೆ ಬಂದಳು. ಒಳಗಿಂದ ಹಾಯ್ದು ಹೋಗು ಎಂದು ನಾನು ಹೇಳಲಿಲ್ಲ. ಅವಳು ಕೇಳಲಿಲ್ಲ. ಪೈಪು ಮಾತ್ರ ದೇವರಮನೆಯ ಮುಂದೆ ಮಲಗಿತ್ತು. ಹತ್ತು ನಿಮಿಷ ನಾನು ಹಿತ್ತಲಲ್ಲಿ ನನ್ನ ತುದಿ ಹಿಡಿದು ನಿಂತಿದ್ದೆ. ನೀರಿನ ಗೆರೆ ಕುಣಿಯುತ್ತಿತ್ತು.

ಮುಂದಿನಿಂದ ಅವಳು ಕೂಗಿದಳು. “ಎಂಟ ಗೇಣ ಐತ್ರಿ, ಬಾಯಾರ. ಕೈ ಮ್ಯಾಲೆತ್ತಿ ಹಿಡದೇನಿ.”

ನಾಲ್ಕು, ಆರು, ಎಂಟು. ಲೆಕ್ಕ ಸಣ್ಣ ಹುಡುಗರಿಗೂ ತಿಳಿಯುವಂಥದು. ಎಲ್ಲಕ್ಕಿಂತ ಎತ್ತರ ನಮ್ಮ ಹಿತ್ತಲು. ಎಲ್ಲಕ್ಕಿಂತ ತಗ್ಗು ಗುಡಿಯ ಮುಂದಿನ ಗಟಾರ. ಕೇರಿಯ ನೆಲಕ್ಕಿಂತ ಅದು ಎರಡು ಗೇಣು ತಗ್ಗು. ಬಿಟ್ಟರೆ ಕೇರಿಯ ನೀರು ತಾನಾಗಿ ಅಲ್ಲಿಗೆ ಓಡುತ್ತದೆ. ಬಿಟ್ಟಿಲ್ಲ, ಅಷ್ಟೇ.

ಅವಳು ಮತ್ತೆ ಸುತ್ತಿಕೊಂಡು ಬಂದಳು. ಕಾಲುವೆಯಲ್ಲಿ ಇಳಿದು ಅದರ ಬದಿಯ ಮಣ್ಣನ್ನು ಅಂಗೈಯಿಂದ ಒರೆಸಿದಳು.

“ನೋಡ್ರಿ ಇಲ್ಲೆ. ಕೆಳಗ ಕರಿ ಎರಿ. ಅದು ನಿಮ್ಮದು. ಮ್ಯಾಲೆ ಕೆಂಪ ಗರಸ. ಇದು ಎಲ್ಲೀದಂತ ಗೊತ್ತೈತೇನ್ರಿ?”

“ಎಲ್ಲೀದು?”

“ನಮ್ಮದು. ನಮ್ಮ ಕೇರೀದ ಗರಸ ನೆಲಾರಿ. ಗಟ್ಟಿ ನೆಲ. ನೀರ ನಿಲ್ಲತಿದ್ದಿಲ್ಲ. ನಿಮ್ಮ ಮಾವಾರು ಹಿತ್ತಲಾ ಎತ್ತರಸ್ತೇನಿ ಅಂದಾಗ ನಾ ಹತ್ತ ವರ್ಷದಾಕಿ. ನಮ್ಮ ಮನಿ ಮುಂದಿನ ನೆಲಾ ಅಗದು ಇಲ್ಲಿಗೆ ಹೊತ್ವಿ. ಆಮ್ಯಾಲೆ ಗೌಡ್ರ ಮನಿಗೆ. ಆಮ್ಯಾಲೆ ಉಳಿದಾರ ಮನಿಗೆ. ನಮ್ಮವ್ವ ದೊಡ್ಡ ಬುಟ್ಟಿ ಹೊತ್ತಳು, ನಾ ಸಣ್ಣ ಬುಟ್ಟಿ ಹೊತ್ತೆ. ಊರ ಮಣ್ಣ ಊರಿಗೆ ಅಂದ್ರು. ನಾವೂ ಹೌದಂದ್ವಿ. ನಮ್ಮ ಬುಡಾ ನಾವ ಅಗದು ನಿಮ್ಮನ್ನ ಎತ್ತರಾ ಮಾಡಿ, ಈಗ ತಗ್ಗಿನಾಗ ಅದೇವಿ ಅನಿಸ್ಕೊಂಡ್ವಿ.”

ಅವಳ ದನಿ ಏರಲಿಲ್ಲ. ಮಣ್ಣಿನ ಎರಡು ಬಣ್ಣಗಳ ನಡುವೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹಿತ್ತಲು ಕೆಂಪಾಗಿತ್ತು. ಅದು ಯಾರ ನೆಲ ಎಂದು ನಲವತ್ತೈದು ವರ್ಷ ನಾನು ಕೇಳಿರಲಿಲ್ಲ.

“ತೂತ ನಾ ಹಾಕಂಗಿಲ್ರಿ” ಎಂದಳು. “ನನ್ನ ಕೈಲೆ ನನ್ನ ಗ್ವಾಡಿಗೆ ನೀರ ಬಿಟ್ಟಕೊಳ್ಳಂಗಿಲ್ಲ.”

“ಮತ್ತೇನ ಮಾಡೋಣ?”

“ನಿಮ್ಮ ಸಂದಿ ಐತಲ್ಲ. ಅದರಾಗ ಕಾಲಿವಿ ತಗದ್ರ ನಿಮ್ಮ ಹಿತ್ತಲ ನೀರು, ನಮ್ಮ ಕೇರಿ ನೀರು, ಎರಡೂ ಗುಡಿ ಮುಂದಿನ ಗಟಾರಕ್ಕ ಹೊಕ್ಕಾವ. ನಿಮ್ಮ ಗ್ವಾಡಿನೂ ಉಳೀತೈತಿ, ನಮ್ಮ ಗ್ವಾಡಿನೂ ಉಳೀತೈತಿ.”

ನನ್ನ ಬಾಯಿಂದ ಬಂದ ಮಾತು ಇದು: “ಬಾಳಕೃಷ್ಣನ್ನ ಕೇಳ್ತೀನಿ.”

“ಕೇಳ್ರಿ” ಎಂದಳು. ಸಲಿಕೆ ಎತ್ತಿಕೊಂಡಳು. ಕಾಲುವೆಗೆ ಮಣ್ಣು ನೂಕಲು ಶುರು ಮಾಡಿದಳು.

“ಅದನ್ಯಾಕ ಮುಚ್ಚಾಕತ್ತಿ? ಎರಡ ದಿನಾ ಮೈ ಮುರದು ಮಾಡೀದಿ.”

“ಹಂಗ ಬಿಟ್ಟ ಹೋದ್ರ ನಾಳೆ ಮತ್ತೊಬ್ಬಾಂವ ಬಂದ ತೂತ ಹಾಕತಾನ್ರಿ. ಅರ್ಧಾ ಕೆಲಸಾ ನಾ ಮಾಡಿಕೊಟ್ಟಂಗ ಆಕ್ಕೈತಿ.”

ಬಿಸಿಲು ನೆತ್ತಿಗೆ ಬಂದಿತ್ತು. ಅಗೆಯುವುದಕ್ಕಿಂತ ಮುಚ್ಚುವುದು ಹಗುರ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಎರೆಯ ಹೆಂಟೆಗಳನ್ನು ಒಡೆದು ಹಾಕುತ್ತಿದ್ದಳು. ಮೇಲೆ ಕಾಲಿನಿಂದ ತುಳಿಯುತ್ತಿದ್ದಳು. ಅಂಗೈಯ ಅರಿವೆ ಕೆಂಪಾಗಿತ್ತು. ನಾನು ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಕೊನೆಗೆ ಚಹಾ ಮಾಡಿಕೊಂಡು ಬಂದೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ.

“ನಿಮ್ಮ ಚಹಾ ಚಲೋ ಇರತೈತ್ರಿ, ಬಾಯಾರ. ಶುಂಠಿನೂ ಹಾಕಿರತೀರಿ. ಇವತ್ತ ಬ್ಯಾಡ.”

ಎರಡು ದಿನದ ಪಗಾರ ಮಾತ್ರ ತೆಗೆದುಕೊಂಡಳು. ಮೂರನೆಯ ದಿನದ್ದು ಬೇಡ ಎಂದಳು. “ಅಗದದ್ದು ನಿಮ್ಮ ಕೆಲಸ. ಮುಚ್ಚಿದ್ದು ನಂದು.”

ಆ ಸಂಜೆ ಗದಿಗೆಪ್ಪಗೌಡರು ನಮ್ಮ ಕಟ್ಟೆಗೆ ಬಂದು ಕುಳಿತರು. ಸಂದಿಯ ಆಚೆಯ ಮನೆ ಅವರದು. ಗುಡಿಯ ಹಿರೇತನವೂ ಅವರದೇ. ಕೆಟ್ಟವರಲ್ಲ. ನನ್ನ ಯಜಮಾನರಿಗೆ ಎದೆನೋವು ಬಂದ ದಿನ ತಮ್ಮ ಜೀಪಿನಲ್ಲಿ ರಾಣೆಬೆನ್ನೂರಿಗೆ ಕರೆದೊಯ್ದು, ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಜೊತೆ ಕುಳಿತವರು. ಬ್ಯಾಡಗಿಗೆ ಹೋದಾಗಲೆಲ್ಲ ನನ್ನ ಬಿ.ಪಿ. ಗುಳಿಗೆ ತಂದುಕೊಡುತ್ತಾರೆ. ಅವರಿಗೆ ಎದುರು ಮಾತನಾಡಿದ ನೆನಪು ನನಗಿಲ್ಲ.

“ಹೊಳಿಯವ್ವ ಏನೋ ಪೈಪ ಹಿಡಕೊಂಡ ಗುಡಿ ಮುಂದ ಇಳಿದಿದ್ದಳಂತ” ಎಂದರು. “ಗಟಾರದಾಗ.”

ನಾನು ಮಟ್ಟದ ಲೆಕ್ಕ ಹೇಳಿದೆ. ಸಂದಿಯ ಮಾತೂ ಹೇಳಿದೆ. ಬಾಳಕೃಷ್ಣ ಕುರ್ಚಿಯಲ್ಲಿ ಅತ್ತಿತ್ತ ಸರಿದ.

“ಬಾಯಾರ, ಆ ಗಟಾರದ ಮ್ಯಾಲೆ ಪಲ್ಲಕ್ಕಿ ದಾಟತೈತಿ. ಕೇರಿ ನೀರ ದಾಟಿ ದೇವ್ರ ಬರೂದೇನ್ರಿ?”

“ಗೌಡ್ರ, ನಿಮ್ಮ ಎಮ್ಮಿ ತೊಳದ ನೀರ ಅದ ಗಟಾರಕ್ಕ ಹೋಗ್ತದಲ್ರಿ.”

“ಅದು ಬ್ಯಾರೆ.”

“ಹೆಂಗ ಬ್ಯಾರೆ?”

“ಬ್ಯಾರೆ ಅಂದ್ರ ಬ್ಯಾರೆರಿ. ಎಮ್ಮಿ ನಮ್ಮದು.”

ಅವರೇ ನಕ್ಕರು. ಬಾಳಕೃಷ್ಣನೂ ನಕ್ಕ. ನನಗೆ ನಗು ಬರಲಿಲ್ಲ. ಗೌಡರು ಹೋದ ಮೇಲೆ ಮಗನನ್ನು ಕೇಳಿದೆ, ಸಂದಿ ನಮ್ಮದು, ಗಟಾರ ಊರದು, ಕಾಯ್ದೆ ಏನು ಹೇಳುತ್ತದೆ ಎಂದು.

“ಅವ್ವಾ, ಇದು ಕಾಯ್ದೆ ಮಾತಲ್ಲ. ಕಾಯ್ದೆ ಹಾವೇರಿಯೊಳಗದ. ನಾವು ಇರೋದು ಈ ಓಣಿಯೊಳಗ. ನಾಳೆ ನಮ್ಮ ಮನಿಗೆ ಯಾರೂ ಬರೂದಿಲ್ಲ, ಯಾರೂ ಕರಿಯೂದಿಲ್ಲ. ನೀ ಸುಮ್ಮನಿರು. ನಾ ಬ್ಯಾರೆ ಆಳ ತರಸ್ತೀನಿ.”

ಸಣ್ಣ ಸಣ್ಣ ಉಪಕಾರಕ್ಕೆ ನಮ್ಮ ಓಣಿಯಲ್ಲಿ ಯಾವತ್ತೂ ಕೊರತೆ ಇರಲಿಲ್ಲ. ಗುಳಿಗೆ ತರುವವರಿದ್ದಾರೆ, ಹಾಲು ಕೊಡುವವರಿದ್ದಾರೆ. ನೀರಿಗೆ ದಾರಿ ಕೊಡುವವರು ಒಬ್ಬರೂ ಇಲ್ಲ. ನಾನೂ ಇರಲಿಲ್ಲ.

ಬಾಳಕೃಷ್ಣನಿಗೆ ಆಳು ಸಿಗಲಿಲ್ಲ. ಕೇರಿಯಲ್ಲಿ ಒಬ್ಬೊಬ್ಬರನ್ನೇ ಕೇಳಿದ. ಒಬ್ಬನಿಗೆ ಸೊಂಟ ಹಿಡಿದಿತ್ತು. ಇನ್ನೊಬ್ಬ ಬೀಗರ ಊರಿಗೆ ಹೊರಟಿದ್ದ. ಕೇರಿಯ ಕೊನೆಮನೆಯ ಹಸೀನಾಬಿಯ ಮಗ ರಹಿಮಾನಸಾಬ ಮಾತ್ರ ನೆಟ್ಟಗೆ ಹೇಳಿದನಂತೆ: “ಹೊಳಿಯವ್ವ ಮುಚ್ಚಿದ್ದು ನಾ ತಗಿಯಂಗಿಲ್ರಿ, ಸಾಹೇಬ್ರ.” ರಾಣೆಬೆನ್ನೂರಿನಿಂದ ಇಬ್ಬರು ಸೋಮವಾರ ಬರುವುದಾಗಿ ಒಪ್ಪಿದರು.

ಸೋಮವಾರಕ್ಕೆ ಮೊದಲು ಗುರುವಾರ ಬಂತು. ಮಿರಗದ, ಎಂದರೆ ಮೃಗಶಿರೆಯ, ಮಳೆ ಗುರುವಾರ ಮಧ್ಯಾಹ್ನ ಎರಡಕ್ಕೆ ಶುರುವಾಯಿತು.

ಹನಿ ಹನಿಯಾಗಿ ಬರಲಿಲ್ಲ. ಒಮ್ಮೆಲೇ ಸುರಿಯಿತು. ಅರ್ಧ ತಾಸಿನಲ್ಲಿ ನಮ್ಮ ಹಿತ್ತಲು ಕೆರೆಯಾಯಿತು. ಅಡುಗೆಮನೆಯ ಮೆಟ್ಟಿಲಿಗೆ ನೀರು ಹತ್ತಿತು. ನಾನು ಗೋಡೆಯ ಸೀಳನ್ನು ನೋಡುತ್ತ ನಿಂತಿದ್ದೆ. ಆಗ ಗೋಡೆಯ ಆಚೆಯಿಂದ ಪ್ರಿಯಾಂಕಾಳ ಕೂಗು ಕೇಳಿತು. ನಾನು ಸೀರೆ ಎತ್ತಿಕೊಂಡು ಕಣಕಾಲುದ್ದ ನೀರಿನಲ್ಲಿ ನಡೆದು ಹಿತ್ತಲ ಬಾಗಿಲು ತೆಗೆದೆ.

ಹನ್ನೊಂದು ತೂತುಗಳೂ ಬಾಯಿ ತೆರೆದಿದ್ದವು. ಹನ್ನೊಂದು ಗೋಡೆಗಳಿಂದ ನೀರು ಹಾರಿ ಬೀಳುತ್ತಿತ್ತು. ಸಾಬೂನಿನ ನೊರೆ, ಬೂದಿ, ತರಕಾರಿ ಸಿಪ್ಪೆ, ಎಲ್ಲ ಕೂಡಿ ಕೇರಿಯಲ್ಲಿ ತಿರುಗುತ್ತಿತ್ತು. ಹೊಳಿಯವ್ವನ ಮನೆಯೊಳಗೆ ಹೇಮಪ್ಪನ ಹೊರಸನ್ನು ಪ್ರಿಯಾಂಕಾ ಇಟ್ಟಂಗಿಯ ಮೇಲೆ ಏರಿಸುತ್ತಿದ್ದಳು. ಹಸಿ ಇಟ್ಟಂಗಿಯ ಗೋಡೆಯ ಬುಡ ಕರಗುತ್ತಿತ್ತು. ಮಣ್ಣು ಹಾಲಿನಲ್ಲಿ ಅದ್ದಿದ ಬ್ರೆಡ್ಡಿನಂತೆ ಉದುರುತ್ತಿತ್ತು. ಹೇಮಪ್ಪ ಹೊರಸಿನ ಮೇಲೆ ಕುಳಿತು ಆ ಗೋಡೆಯನ್ನೇ ನೋಡುತ್ತಿದ್ದ.

ಹೊಳಿಯವ್ವ ಪಿಕಾಸಿ ಹಿಡಿದು ನಮ್ಮ ಬಾಗಿಲಿಗೇ ಬರುತ್ತಿದ್ದಳು. ಹೊಸ್ತಿಲ ಆಚೆ ನಿಂತಳು.

“ಮಗನ್ನ ಕೇಳಿದ್ರೇನ್ರಿ?”

“ಕೇಳಿದೆ. ಬ್ಯಾಡ ಅಂದ.”

“ನಾ ಈಗ ಕೇಳಾಕ ಬಂದಿಲ್ರಿ, ಬಾಯಾರ. ಗ್ವಾಡಿ ಬಿದ್ರ ಈ ಸಲ ಅಂವಾ ಏಳಂಗಿಲ್ಲ. ಬಾಗಲಾ ಹಾಕ್ಕೊಂಡ್ರ ಬಾಗಲಾ ಮುರದು ಅಗೀತೇನಿ. ಆಮ್ಯಾಲೆ ಪೊಲೀಸರಿಗೆ ಹೇಳ್ಕೊರಿ, ಕೋರ್ಟಿಗೆ ಹೇಳ್ಕೊರಿ.”

ನಾನು ಬಾಗಿಲಿನಿಂದ ಸರಿದು ನಿಂತೆ.

ಅವಳು ಮೊದಲ ಏಟು ಹೊಸ್ತಿಲ ಕಲ್ಲಿಗೇ ಹಾಕಿದಳು. ಎರಡನೆಯ ಏಟಿಗೆ ಕಲ್ಲು ಎದ್ದಿತು. ಹಿಂದೆ ಆರೇಳು ಮಂದಿ ಬಂದರು. ರಹಿಮಾನಸಾಬ ಬಂದ. ಸೊಂಟ ಹಿಡಿದಿದ್ದವನೂ ಬಂದ, ಬೀಗರ ಊರಿಗೆ ಹೋಗಬೇಕಾದವನೂ ಬಂದ. ಮಳೆಗೆ ನೆಲ ಮೆತ್ತಗಾಗಿತ್ತು. ಬಾಗಿಲಿನಿಂದ ಸಂದಿಯ ಬಾಯಿಯ ತನಕ ಹಿತ್ತಲನ್ನು ಅಡ್ಡ ಸೀಳಿದರು. ಸಂದಿಯಲ್ಲಿ ಒಬ್ಬರೇ ನಿಂತು ಅಗೆಯಬಹುದು. ಒಬ್ಬರು ದಣಿದರೆ ಹಿಂದಿನವರು ಪಿಕಾಸಿ ಇಸಿದುಕೊಳ್ಳುತ್ತಿದ್ದರು. ಮಣ್ಣನ್ನು ಬುಟ್ಟಿಯಲ್ಲಿ ಹಿಂದಕ್ಕೆ ಸಾಗಿಸುತ್ತಿದ್ದರು. ಬುಟ್ಟಿಗಳು ಹಿತ್ತಲ ಬಾಗಿಲು ದಾಟಿ ಹೊಳಿಯವ್ವನ ಗೋಡೆಯ ಬುಡಕ್ಕೆ ಬೀಳುತ್ತಿದ್ದವು. ಕೆಂಪು ಗರಸು, ಅದು ಬಂದಲ್ಲಿಗೆ ಹೋಗುತ್ತಿತ್ತು.

ನನ್ನ ಮೊಬೈಲು ಬಡಿದುಕೊಂಡಿತು. ಬಾಳಕೃಷ್ಣ. ಗೌಡರು ಹೇಳಿರಬೇಕು.

“ಅವ್ವಾ, ಏನ ನಡದದ ಅಲ್ಲೆ? ಅವರನ್ನ ಹೊರಗ ಹಾಕು.”

“ಮಳಿ ಜೋರದ, ಕೇಳಸವಲ್ದು” ಎಂದು ಇಟ್ಟೆ. ಅವನ ಮಾತು ಚೆನ್ನಾಗಿ ಕೇಳಿಸಿತ್ತು.

ಸಂದಿಯ ಮುಂದಿನ ಕಬ್ಬಿಣದ ಬಾಗಿಲಿನ ಕೀಲಿಕೈ ಹುಡುಕಿದೆ. ಅಲಮಾರಿ, ಡಬ್ಬಿ, ಯಜಮಾನರ ಹಳೆ ಪೆಟ್ಟಿಗೆ. ಕೊನೆಗೆ ದೇವರಮನೆಯ ಗಂಟೆಯ ಹಿಂದೆ ಸಿಕ್ಕಿತು. ತುಕ್ಕು ಹಿಡಿದ ಕೀಲಿಗೆ ಒಗ್ಗರಣೆ ಎಣ್ಣೆ ಬಿಟ್ಟು ತಿರುವಿದೆ. ನನ್ನ ಮಣಿಕಟ್ಟು ಉಳುಕಿತು, ಕೀಲಿ ತೆರೆಯಿತು. ಆ ದಿನ ನಾನು ಮಾಡಿದ ಕೆಲಸ ಇಷ್ಟೇ.

ನಾಲ್ಕೂವರೆ ಹೊತ್ತಿಗೆ ಹೊಳಿಯವ್ವ ಸಂದಿಯ ಮುಂದಿನ ಬಾಯಿ ಒಡೆದಳು. ನೀರು ಒಂದು ಗಳಿಗೆ ತಡೆದು ನಿಂತಿತು. ಆಮೇಲೆ ನುಗ್ಗಿತು. ನಮ್ಮ ಹಿತ್ತಲ ನೀರು, ಕೇರಿಯ ನೀರು, ಹನ್ನೊಂದು ಮನೆಯ ಬಚ್ಚಲ ನೀರು, ಎಲ್ಲ ಕಲೆತು ಗುಡಿಯ ಮುಂದಿನ ಗಟಾರಕ್ಕೆ ಬಿತ್ತು. ಮೆಟ್ಟಿಲಿನ ಕೆಳಗೆ ಹಾಯ್ದು, ಹಳ್ಳದ ಕಡೆ ತಿರುಗಿ ಹೋಯಿತು.

ಗೌಡರು ಗುಡಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಓಣಿಯ ಏಳೆಂಟು ಗಂಡಸರು ಅವರ ಹಿಂದೆ ಇದ್ದರು. ಕೆಳಗೆ ಬಂದು ತಡೆಯಬಹುದಿತ್ತು. ತಡೆಯಬೇಕಾದರೆ ಆ ನೀರಿನಲ್ಲಿ ಇಳಿಯಬೇಕಿತ್ತು. ಯಾರೂ ಇಳಿಯಲಿಲ್ಲ.

“ವೆಂಕೂಬಾಯಾರ, ನೀವು ಓದಿದಾರು. ಇದನ್ನೇನ ಮಾಡಿದ್ರಿ?” ಗೌಡರ ದನಿಯಲ್ಲಿ ಸಿಟ್ಟಿಗಿಂತ ನೋವು ಇತ್ತು. ಅದು ನನಗೆ ಹೆಚ್ಚು ಚುಚ್ಚಿತು. ಆದರೂ ಹೇಳಿದೆ.

“ಸಂದಿ ನಂದು, ಗೌಡ್ರ. ಮನಿ ನನ್ನ ಹೆಸರಿಗದ.”

ಅವರು ನನ್ನನ್ನು ಬಿಟ್ಟು ಹೊಳಿಯವ್ವನ ಕಡೆ ತಿರುಗಿದರು. ಅವಳು ಸಂದಿಯ ಬಾಯಲ್ಲಿ ಸಲಿಕೆಗೆ ಒರಗಿ ನಿಂತಿದ್ದಳು. ಎದೆ ಏರಿ ಇಳಿಯುತ್ತಿತ್ತು. ಅಂಗೈಯ ಅರಿವೆ ಎಲ್ಲಿಯೋ ಬಿದ್ದುಹೋಗಿತ್ತು. ಸಲಿಕೆಯ ಹಿಡಿಕೆಗೆ ರಕ್ತ ಹತ್ತಿತ್ತು.

ಅಷ್ಟರಲ್ಲಿ ಸಂದಿಯ ಹಿಂದಿನ ತುದಿಯಿಂದ ಪ್ರಿಯಾಂಕಾಳ ದನಿ ಬಂತು.

“ಅತ್ತಿ, ನೀರ ಇಳೀತು. ಗ್ವಾಡಿ ನಿಂತೈತಿ.”

ಹೊಳಿಯವ್ವ ತಿರುಗಿ ನೋಡಲಿಲ್ಲ. ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು, ಅಷ್ಟೇ.

“ನಾಳೆ ಮುಂಜಾನಿ ಇದನ್ನ ಮುಚ್ಚಿಸಿ ಹಾಕತೇನಿ” ಎಂದರು ಗೌಡರು.

“ಯಾರ ಕೈಲೆ ಮುಚ್ಚಸ್ತೀರಿ, ಗೌಡ್ರ?”

ಅವಳು ಕೇಳಿದ್ದು ಮೆಲ್ಲಗೆ. ಗೌಡರು ಸುತ್ತ ನೋಡಿದರು. ಸಲಿಕೆ, ಬುಟ್ಟಿ, ಪಿಕಾಸಿ ಹಿಡಿದು ನಿಂತಿದ್ದವರೆಲ್ಲ ಕೇರಿಯವರೇ. ಗುಡಿಯ ಮೆಟ್ಟಿಲ ಮೇಲಿದ್ದವರ ಕೈಯಲ್ಲಿ ಕೊಡೆಗಳಿದ್ದವು.

“ಜೆಸಿಬಿ ತರಸ್ತೇನಿ.”

“ಎರಡೂವರಿ ಫೂಟಿನ ಸಂದಿರಿ. ಜೆಸಿಬಿ ಮೂಗ ಸೈತ ಹೋಗಂಗಿಲ್ಲ” ಎಂದ ರಹಿಮಾನಸಾಬ. ಹಿಂದೆ ಯಾರೋ ನಕ್ಕರು.

ಹೊಳಿಯವ್ವ ಗಟಾರ ದಾಟಿ ಗುಡಿಯ ಕೆಳಗಿನ ಮೆಟ್ಟಿಲ ಹತ್ತಿರ ಹೋದಳು. ಸಲಿಕೆಯನ್ನು ಎರಡೂ ಕೈಯಿಂದ ಗೌಡರ ಕಡೆ ಚಾಚಿದಳು.

“ತಗೋರಿ. ಸಲಿಕಿ ನಮ್ಮದ ಇರಲಿ. ಇಳದ ಬಂದು ನೀವ ಮುಚ್ಚರಿ.”

ಗೌಡರು ಸಲಿಕೆಯನ್ನು ನೋಡಿದರು. ಕೆಳಗೆ ಹರಿಯುತ್ತಿದ್ದ ನೀರನ್ನು ನೋಡಿದರು. ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಹೊಳಿಯವ್ವ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೇ ಹಿಡಿದು ನಿಂತಳು.